ಹತ್ತಿರದ ದಾರಿಯೇ ಒಳ್ಳೆಯ ದಾರಿಯೇ? ನೆಟ್‌ವರ್ಕ್ ದಾರಿ ಆರಿಸುವ ಬಗೆ

ನಾವು ಕಳಿಸುವ ಪ್ರತಿ ಸಂದೇಶವೂ ಸಣ್ಣ ಸಣ್ಣ ಪ್ಯಾಕೆಟ್‌ಗಳಾಗಿ ಒಡೆದು, ಹಲವು ರೂಟರ್‌ಗಳನ್ನು ದಾಟಿ ಗುರಿ ಮುಟ್ಟುತ್ತದೆ. ಎರಡು ಊರುಗಳ ನಡುವೆ ಹಲವು ರಸ್ತೆಗಳಿರುವಂತೆ ಇಲ್ಲಿಯೂ ಹಲವು ದಾರಿಗಳಿರುತ್ತವೆ. ಪ್ರತಿ ಕೊಂಡಿಗೂ ಒಂದು ಅಂಕಿ ಕೊಟ್ಟು, ಒಟ್ಟು ಮೊತ್ತ ಕಡಿಮೆ ಬರುವ ದಾರಿಯನ್ನು ರೂಟರ್ ಆರಿಸಿಕೊಳ್ಳುತ್ತದೆ. ಈ ಅಂಕಿಯೇ ಮೆಟ್ರಿಕ್. ಅಂಕಿಗಳನ್ನು ಕೂಡುವುದು ಸುಲಭ. ಏನನ್ನು ಅಳೆಯಬೇಕು ಎಂದು ತೀರ್ಮಾನಿಸುವುದೇ ಕಷ್ಟ.

ಹಾಪ್ ಎಣಿಕೆ

ಎಲ್ಲಕ್ಕಿಂತ ಸರಳವಾದ ಅಳತೆ ಇದು: ದಾರಿಯಲ್ಲಿ ಎಷ್ಟು ರೂಟರ್ ಎಂದು ಎಣಿಸುವುದು. ಆರ್‌ಐಪಿ ಎಂಬ ಹಳೆಯ ಪ್ರೋಟೋಕಾಲ್ ಹೀಗೆ ಮಾಡುತ್ತದೆ. ಅದಕ್ಕೆ 15 ಹಾಪ್ ಗರಿಷ್ಠ. 16 ಎಂದರೆ ದಾರಿಯೇ ಇಲ್ಲ ಎಂದರ್ಥ. ಆದರೆ ಕೊಂಡಿಯ ವೇಗ ಅದಕ್ಕೆ ಕಾಣುವುದಿಲ್ಲ. ವೇಗದ ಮೂರು ಕೊಂಡಿಗಳನ್ನು ಬಿಟ್ಟು, ಕುಂಟುವ ಎರಡು ಕೊಂಡಿಗಳ ದಾರಿಯನ್ನೇ ಹಿಡಿಯುತ್ತದೆ.

ವೇಗದ ಲೆಕ್ಕ

ಓಎಸ್‌ಪಿಎಫ್ ಪ್ರೋಟೋಕಾಲ್‌ನಲ್ಲಿ ಪ್ರತಿ ಕೊಂಡಿಗೂ ಒಂದು ವೆಚ್ಚ ಇರುತ್ತದೆ. ಸಿಸ್ಕೊ ರೂಟರ್‌ಗಳು ಸಾಮಾನ್ಯವಾಗಿ 100 ಎಂಬಿಪಿಎಸ್ ಅನ್ನು ಕೊಂಡಿಯ ವೇಗದಿಂದ ಭಾಗಿಸಿ ಈ ವೆಚ್ಚ ಕಂಡುಕೊಳ್ಳುತ್ತವೆ. 10 ಎಂಬಿಪಿಎಸ್ ಕೊಂಡಿಗೆ 10, 100 ಎಂಬಿಪಿಎಸ್‌ಗೆ 1. ವೆಚ್ಚ 1ಕ್ಕಿಂತ ಕೆಳಗೆ ಇಳಿಯುವಂತಿಲ್ಲವಾದ್ದರಿಂದ ಹತ್ತು ಪಟ್ಟು ವೇಗದ 1 ಜಿಬಿಪಿಎಸ್ ಕೊಂಡಿಗೂ 1 ಬರುತ್ತದೆ! ಹಾಗಾಗಿ ಇಂದಿನ ನೆಟ್‌ವರ್ಕ್‌ಗಳಲ್ಲಿ ಆ 100ರ ಬದಲು ದೊಡ್ಡ ಸಂಖ್ಯೆಯನ್ನು, ಎಲ್ಲ ರೂಟರ್‌ಗಳಲ್ಲೂ ಒಂದೇ ರೀತಿ, ಹೊಂದಿಸಬೇಕಾಗುತ್ತದೆ.

ಅರ್ಪಾನೆಟ್ ಕಲಿಸಿದ ಪಾಠ

ಹಾಗಾದರೆ ಆ ಕ್ಷಣದ ದಟ್ಟಣೆಯನ್ನೇ ಅಳೆಯಬಾರದೇ? ಇಂಟರ್‌ನೆಟ್‌ಗೆ ಮೂಲವಾದ ಅಮೆರಿಕದ ಅರ್ಪಾನೆಟ್ ಇದನ್ನು ಮಾಡಿ ನೋಡಿತು. 1969ರಲ್ಲಿ ಅದು ಆರಂಭವಾದಾಗ ಕೊಂಡಿಯ ಮುಂದೆ ಕಾಯುತ್ತಿದ್ದ ಪ್ಯಾಕೆಟ್‌ಗಳ ಸಾಲನ್ನು ಎಣಿಸುತ್ತಿತ್ತು. 1979ರಿಂದ ಪ್ಯಾಕೆಟ್‌ಗಳಿಗೆ ಆಗುವ ವಿಳಂಬವನ್ನೇ ಅಳೆಯತೊಡಗಿತು. ದಟ್ಟಣೆ ಕಡಿಮೆ ಇದ್ದಾಗ ಇದು ಚೆನ್ನಾಗಿಯೇ ನಡೆಯಿತು. ಹೆಚ್ಚಾದಾಗ ತೊಂದರೆ ಶುರುವಾಯಿತು: ಒಂದು ಕೊಂಡಿ ಖಾಲಿ ಎಂದು ತಿಳಿದೊಡನೆ ಎಲ್ಲ ರೂಟರ್‌ಗಳೂ ಅದರತ್ತ ತಿರುಗಿದವು, ಅದು ತುಂಬಿತು, ಇನ್ನೊಂದು ಖಾಲಿಯಾಯಿತು, ಮತ್ತೆ ಎಲ್ಲವೂ ಅತ್ತ ನುಗ್ಗಿದವು. ಎರಡು ಕೊಂಡಿಗಳಿದ್ದೂ ಒಂದರ ಪ್ರಯೋಜನವಷ್ಟೇ ಸಿಕ್ಕಿತು. ಅಳತೆ ತಪ್ಪಾಗಿರಲಿಲ್ಲ, ಎಲ್ಲರೂ ಒಟ್ಟಿಗೆ ಅದನ್ನು ನಂಬಿದ್ದೇ ಅದನ್ನು ಸುಳ್ಳು ಮಾಡಿತು.

1987ರಲ್ಲಿ ಮೆಟ್ರಿಕ್ ತಿದ್ದಿದರು. ವೆಚ್ಚ ಒಂದೇ ಸಲಕ್ಕೆ ಹೆಚ್ಚು ಏರಿಳಿಯದಂತೆ ಮಿತಿ ಹಾಕಿದರು. ಕೊಂಡಿ ಎಷ್ಟೇ ತುಂಬಿದರೂ ಅದರ ವೆಚ್ಚ, ಖಾಲಿ ಇದ್ದಾಗಿನದರ ಮೂರು ಪಟ್ಟನ್ನು ಮೀರದಂತೆ ನೋಡಿಕೊಂಡರು. ಆಗ ಎಲ್ಲರೂ ಒಟ್ಟಿಗೆ ಓಡುವ ಬದಲು ಕೆಲವರಷ್ಟೇ ದಾರಿ ಬದಲಿಸುವಂತಾಯಿತು.

ತಂತಿಯಿಲ್ಲದ ಕಡೆ

ವೈರ್‌ಲೆಸ್ ಜಾಲದಲ್ಲಿ ಪ್ಯಾಕೆಟ್ ಕಳೆದುಹೋಗುವುದೇ ದೊಡ್ಡ ಚಿಂತೆ. ಎಂಐಟಿ ಸಂಶೋಧಕರು 2003ರಲ್ಲಿ ಪ್ರಕಟಿಸಿದ ಇಟಿಎಕ್ಸ್ ಮೆಟ್ರಿಕ್, ಒಂದು ಪ್ಯಾಕೆಟ್ ತಲುಪಲು ಸರಾಸರಿ ಎಷ್ಟು ಸಲ ಕಳಿಸಬೇಕು ಎಂದು ಲೆಕ್ಕ ಹಾಕುತ್ತದೆ. ದೂರದ ಒಂದೇ ಹಾಪ್‌ನಲ್ಲಿ ಪ್ಯಾಕೆಟ್‌ಗಳ ಅರ್ಧ, ಬಂದು ಮುಟ್ಟಿತು ಎನ್ನುವ ಉತ್ತರಗಳ ಅರ್ಧ ಕಳೆದುಹೋದರೆ ಸರಾಸರಿ ನಾಲ್ಕು ಸಲ ಕಳಿಸಬೇಕು. ಏನೂ ಕಳೆಯದ ಎರಡು ಹಾಪ್‌ಗಳಾದರೆ ಒಟ್ಟು ಎರಡೇ ಸಲ ಸಾಕು.

ಒಟ್ಟಿನಲ್ಲಿ, ಕೊಂಡಿಗಳೆಲ್ಲ ಒಂದೇ ಬಗೆಯವಾದರೆ ಹಾಪ್ ಎಣಿಕೆ ಸಾಕು. ವೇಗ ಬೇರೆ ಬೇರೆಯಾದರೆ ವೇಗವನ್ನೂ, ವೈರ್‌ಲೆಸ್ ಆದರೆ ನಷ್ಟವನ್ನೂ ಅಳೆಯಬೇಕು. ದಟ್ಟಣೆಯನ್ನು ಅಳೆಯುವುದಾದರೆ ಅದಕ್ಕೊಂದು ಕಡಿವಾಣವೂ ಇರಲೇಬೇಕು.