ಅರಸನ ಬೇಟೆಗೆ ಶಾಸನ, ಇರುಳಿಗನ ಬೇಟೆಗೆ ಕೇಸು

ಮುದ್ದೆ ಜೊತೆಗೆ ಮೊಲದ ಸಾರು ಅಂದರೆ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯಲ್ಲಿ ಬೇಡ ಅನ್ನುವವರು ಕಮ್ಮಿ. ಈಗ ಬೆಂಗಳೂರಿನಿಂದ ಕಾರಿನಲ್ಲಿ ಬರುವವರೂ ಅದನ್ನೇ ಕೇಳಿಕೊಂಡು ಬರುತ್ತಾರೆ. 'ಕಾಡುಮೊಲ ಸಿಗ್ತದಾ? ಕೌಜುಗ ಇದ್ಯಾ? ದುಡ್ಡು ಎಷ್ಟಾದ್ರೂ ಆಗ್ಲಿ.' ದುಡ್ಡು ಎಷ್ಟಾದರೂ ಆಗಲಿ ಅನ್ನುವ ಈ ಮಾತಿಗೆ ಹಿಂದೆ ಸಾವಿರ ವರ್ಷದ ಚರಿತ್ರೆಯಿದೆ. ಪಠ್ಯಪುಸ್ತಕ ಬರೆದವರು ಅದನ್ನು 'ಅರಸರ ವಿನೋದ' ಅಂತ ಎರಡು ಸಾಲಿನಲ್ಲಿ ಮುಗಿಸಿದ್ದಾರೆ. ಬಲೆ ಹಿಡಿದವನ, ಪೊದೆ ಬಡಿದವನ, ಚರ್ಮ ಸುಲಿದವನ ಕಡೆಯಿಂದ ನಾವು ಅದನ್ನು ಮತ್ತೆ ಓದಬೇಕಾಗಿದೆ.

ಚನ್ನಪಟ್ಟಣ ದಾಟಿದರೆ ಮದ್ದೂರು ತಾಲ್ಲೂಕು. ಅಲ್ಲಿನ ಆತಕೂರಿನಲ್ಲಿ ಕ್ರಿ.ಶ. 949-50ರ ಒಂದು ಶಾಸನ ಸಿಕ್ಕಿತು. ಗಂಗರ ಇಮ್ಮಡಿ ಬೂತುಗ ತಕ್ಕೋಲದ ಯುದ್ಧದಲ್ಲಿ ಚೋಳ ರಾಜಾದಿತ್ಯನನ್ನು ಕೊಂದ ಕಾಲ. ಆ ಯುದ್ಧದಲ್ಲಿ ಕಾದಿದ ಮಣಲೇರನಿಗೆ 'ಮೆಚ್ಚಿದೆ, ಏನು ಬೇಕು ಕೇಳು' ಅಂದಾಗ ಅವನು ಊರು ಕೇಳಲಿಲ್ಲ, ಕಾಳಿ ಎಂಬ ಬೇಟೆ ನಾಯಿಯನ್ನು ಕೇಳಿ ಪಡೆದ. ಮುಂದೆ ಆ ಕಾಳಿಯನ್ನು ಒಂದು ದೊಡ್ಡ ಹಂದಿಯ ಮೇಲೆ ಬಿಟ್ಟರು. ಹಂದಿಯೂ ನಾಯಿಯೂ ಒಂದನ್ನೊಂದು ಕೊಂದು ಸತ್ತವು. ಮಣಲೇರ ಕಾಳಿಗಾಗಿ ದೇವಸ್ಥಾನದ ಮುಂದೆ ಕಲ್ಲು ನಿಲ್ಲಿಸಿದ, ಆ ಕಲ್ಲಿನ ಪೂಜೆಗೆ ಭೂಮಿ ಬಿಟ್ಟ. ಪೂಜೆ ಮಾಡದೆ ಉಂಡ ಗೊರವನಿಗೆ ನಾಯಿ ಕೊಂದ ಪಾಪ ಅಂತಲೂ ಬರೆಸಿದ. ಕಲ್ಲು ಈಗ ಬೆಂಗಳೂರಿನ ಸರ್ಕಾರಿ ಮ್ಯೂಸಿಯಮ್ಮಿನಲ್ಲಿದೆ. ಮೇಷ್ಟರುಗಳು ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸಬೇಕಾದ ಕಲ್ಲು ಅದು.

ನಾವು ಕಾಳಿಯನ್ನು ಹೀಗಳೆಯುತ್ತಿಲ್ಲ. ಕನ್ನಡ ನೆಲದಲ್ಲಿ ಒಂದು ನಾಯಿಯ ಶೌರ್ಯಕ್ಕೆ ಇಂಥ ಮರ್ಯಾದೆ ಸಿಕ್ಕಿದ್ದು ಸಂತೋಷವೇ. ಆದರೆ ಆ ಹಂದಿ ಮಲಗಿದ್ದ ಪೊದೆ ಯಾವುದು ಅಂತ ತೋರಿಸಿದವನು ಯಾರು? ಹೆಜ್ಜೆ ನೋಡಿದವನು ಯಾರು? ನಾಯಿಗೆ ಹೆಸರಿದೆ, ಕಲ್ಲಿದೆ, ಭೂಮಿಯಿದೆ. ಇವನಿಗೆ ಮೂರೂ ಇಲ್ಲ.

ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ಮಾನಸೋಲ್ಲಾಸ ಬರೆಸಿದ. ಬೇಟೆ ಅದರಲ್ಲಿ ಅರಸನ ವಿನೋದಗಳಲ್ಲಿ ಒಂದು. ಹಂದಿ ಮಾಂಸ, ಜಿಂಕೆ ಮಾಂಸ ಮಾತ್ರವಲ್ಲ, ಹೊಲದ ಇಲಿಯನ್ನೂ ಹುರಿಯುವ ಬಗೆ ಅದರಲ್ಲಿದೆ. ಅರಸ ತಿಂದರೆ ಇಲಿಗೂ ಶಾಸ್ತ್ರ ಹುಟ್ಟುತ್ತದೆ, ನಮ್ಮ ಕೇರಿಯವನು ತಿಂದರೆ ಅದೇ ಬೈಗುಳವಾಗುತ್ತದೆ! ಬೇಡರ ಕಣ್ಣಪ್ಪನ ಕತೆಯೂ ಅಷ್ಟೆ. ಬೇಟೆಯ ಮಾಂಸವನ್ನು ಮೊದಲು ತಾನು ರುಚಿ ನೋಡಿ ಶಿವನಿಗೆ ಇಟ್ಟವನು ಅವನು. ಹರಿಹರ ಅವನ ಮೇಲೆ ರಗಳೆ ಬರೆದ, 1954ರಲ್ಲಿ ಅವನ ಸಿನಿಮಾ ಬಂತು, ಜನ ಕೈಮುಗಿದರು. ಆ ಎಡೆಯನ್ನು ಇವತ್ತು ಯಾವ ಗುಡಿಯ ಗರ್ಭಗುಡಿಗೆ ತಗೊಂಡು ಹೋಗಕ್ಕೆ ಬಿಡ್ತಾರೆ?

ಹಳೇ ಮೈಸೂರಿನ ಹಳ್ಳಿಗಳಲ್ಲಿ ಬೇಟೆ ಅರಸನ ಸ್ವತ್ತೇನೂ ಆಗಿರಲಿಲ್ಲ. ಯುಗಾದಿ ಮಾರನೆಯ ದಿನ ಹೊಸತೊಡಕು. ಆವತ್ತು ಬಲೆ, ದೊಣ್ಣೆ, ನಾಯಿ ಕಟ್ಟಿಕೊಂಡು ಗಂಡಸರು ಹೊರಡುತ್ತಿದ್ದರು. ಹುರುಳಿ, ಅವರೆ ಹೊಲದ ಅಂಚಿನ ಪೊದೆಗಳಲ್ಲಿ ಮೊಲ ಇರುತ್ತಿತ್ತು. ಸಿಕ್ಕಿದ್ದು ಪಾಲಾಗುತ್ತಿತ್ತು. ಆದರೆ ಹಬ್ಬದ ಬೇಟೆ ಬೇರೆ, ಹೊಟ್ಟೆಯ ಬೇಟೆ ಬೇರೆ. ಸಾವನದುರ್ಗದ ತಪ್ಪಲಲ್ಲಿ, ರಾಮನಗರದ ಬೆಟ್ಟಗಳ ಸುತ್ತ, ಕನಕಪುರದ ಕಾಡಂಚಿನಲ್ಲಿ ಇರುಳಿಗರಿಗೆ ಜೇನು, ಗೆಡ್ಡೆ, ಉರುಲಿಗೆ ಬಿದ್ದ ಮೊಲ ಇವೇ ಊಟ. ಹಕ್ಕಿಪಿಕ್ಕಿಗಳಿಗೆ ಹೆಸರೇ ಹಕ್ಕಿಯಿಂದ ಬಂತು. ಬಲೆಗೆ ಕೆಡವಿದ ಕೌಜುಗವನ್ನು ಊರೂರಿಗೆ ಹೊತ್ತು ರಾಗಿಗೆ, ಕಾಸಿಗೆ ಮಾರುತ್ತಿದ್ದರು. ಕೊಳ್ಳುತ್ತಿದ್ದವರು ಒಕ್ಕಲುಮನೆಯವರು. ಮಾಂಸ ಅಡಿಗೆಮನೆಗೆ ಹೋಗುತ್ತಿತ್ತು, ತಂದವನು ಜಗುಲಿ ಹತ್ತುವಂತಿರಲಿಲ್ಲ.

ಆಮೇಲೆ ಕಾಗದದ ಕಾನೂನು ಬಂತು. ಮೈಸೂರು ಸಂಸ್ಥಾನದಲ್ಲಿ 1900ರಲ್ಲಿ ಅರಣ್ಯ ರೆಗ್ಯುಲೇಷನ್ ಆಯಿತು. 1901ರಲ್ಲಿ ಬೇಟೆ ಪ್ರಾಣಿ ಮತ್ತು ಮೀನಿನ ರಕ್ಷಣೆಗೆ ಇನ್ನೊಂದು. ರಕ್ಷಣೆ ಯಾರಿಂದ, ಯಾರಿಗಾಗಿ? ಮಹಾರಾಜರು, ರೆಸಿಡೆಂಟರು, ದಂಡಿನ ದೊರೆಗಳು ಶಿಕಾರಿಗೆ ಬಂದಾಗ ತಮಟೆ ಬಡಿದು ಕಾಡು ಎಬ್ಬಿಸುವುದಕ್ಕೆ ನಮ್ಮ ಜನವೇ ಬೇಕಿತ್ತು. ಅದೇ ಜನ ಮಾರನೆಯ ದಿನ ತಮಗಾಗಿ ಉರುಲು ಹಾಕಿದರೆ ಕಳ್ಳರು. ಮುಂಬೈ ಪ್ರಾಂತ್ಯದ ಕನ್ನಡ ಜಿಲ್ಲೆಗಳಲ್ಲಿ ಹರಣಶಿಕಾರಿಗಳಿಗೆ ಆದದ್ದು ಇನ್ನೂ ಕ್ರೂರ. ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ 1871ರಲ್ಲಿ ಹುಟ್ಟಿ 1952ರವರೆಗೆ ಬದುಕಿತು. ಹುಟ್ಟುವ ಕೂಸಿಗೂ ಅಪರಾಧಿ ಅಂತ ಮುದ್ರೆ.

ಬೆಂಗಳೂರಿನ ಶಿಕಾರಿ ಕೆನೆತ್ ಆಂಡರ್ಸನ್ ಅವರನ್ನು ಓದಿ ಖುಷಿಪಡುವ ಗೆಳೆಯರು ನಮ್ಮಲ್ಲೂ ಇದ್ದಾರೆ. 1954ರಲ್ಲಿ ಬಂದ ಅವರ ನರಭಕ್ಷಕಗಳ ಪುಸ್ತಕದಲ್ಲಿ ಬೈರ ಎಂಬ ಕಾಡಿನವನ ಮೇಲೆ ಒಂದು ಅಧ್ಯಾಯವೇ ಇದೆ. ಪ್ರೀತಿಯಿಂದಲೇ ಬರೆದಿದ್ದಾರೆ, ಇಲ್ಲವೆನ್ನಬಾರದು. ಆದರೂ ಕಾಡು ಬಲ್ಲವನು ಬೈರ, ಪುಸ್ತಕದ ಮೇಲೆ ಹೆಸರು ದೊರೆಯದು.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದಾಗ ಬೇಟೆ ಪೂರ್ತಿ ನಿಂತಿತು ಅಂತ ತಿಳಿದವರು ಬಹಳ. ಹಾಗಲ್ಲ. ಮೂಲ ಕಾಯ್ದೆಯಲ್ಲಿ ದೊಡ್ಡ ಬೇಟೆ, ಸಣ್ಣ ಬೇಟೆ ಅಂತ ಲೈಸೆನ್ಸಿತ್ತು. ಮೊಲ ಸಣ್ಣ ಬೇಟೆಯ ಪಟ್ಟಿಯಲ್ಲಿತ್ತು. ಅರ್ಜಿ ಬರೆದು, ಫೀಜು ಕಟ್ಟಿ, ಕೋವಿ ಇಟ್ಟವನಿಗೆ ದಾರಿ ಇತ್ತು. ಅಕ್ಷರ ಇಲ್ಲದ, ತಂತಿ ಉರುಲಿನ ಇರುಳಿಗನಿಗೆ ಆ ದಾರಿ ಎಲ್ಲಿತ್ತು? 1991ರ ತಿದ್ದುಪಡಿ ಈ ಲೈಸೆನ್ಸನ್ನು ಕಿತ್ತುಹಾಕಿತು. 2022ರ ತಿದ್ದುಪಡಿ 2023ರ ಏಪ್ರಿಲ್‌ನಿಂದ ಜಾರಿಯಾದ ಮೇಲೆ, ಸಾಮಾನ್ಯ ಅಪರಾಧಕ್ಕೂ ದಂಡದ ಮಿತಿ 25 ಸಾವಿರದಿಂದ ಒಂದು ಲಕ್ಷಕ್ಕೆ ಏರಿದೆ, ಜೈಲು ಮೂರು ವರ್ಷದವರೆಗೆ. ಉಡದಂಥ ಮೊದಲ ಪಟ್ಟಿಯ ಪ್ರಾಣಿಯಾದರೆ ಶಿಕ್ಷೆ ಇನ್ನೂ ಹೆಚ್ಚು.

ಕಾಡುಮೊಲ ಹಿಡಿಯಲಿಕ್ಕೆ ಬಿಡಿ ಅಂತ ನಾವು ಕೇಳುತ್ತಿಲ್ಲ. ಮೊಲ ಮಲಗುತ್ತಿದ್ದ ಕುರುಚಲು ನೀಲಗಿರಿ ತೋಪಾಗಿದೆ, ಕಲ್ಲುಕ್ವಾರಿಯಾಗಿದೆ, ಲೇಔಟಾಗಿದೆ. 1987ರಲ್ಲಿ ಕಾವೇರಿ ವನ್ಯಧಾಮ, 2012ರಲ್ಲಿ ರಾಮದೇವರಬೆಟ್ಟದ ರಣಹದ್ದು ಧಾಮ ಆದವು. ಆಗಬೇಕಾದ್ದೇ. ರಾತ್ರಿ ತಲೆಗೆ ಬ್ಯಾಟರಿ ಕಟ್ಟಿ ಬೈಕಿನಲ್ಲಿ ಕೋವಿ ಹಿಡಿದು ತಿರುಗುವವರು ಹೊಟ್ಟೆಗಿಲ್ಲದವರಲ್ಲ. ಹಂದಿಗೆ ಅಂತ ಇಟ್ಟ ಸಿಡಿಮದ್ದನ್ನು ಕಚ್ಚಿ ದನದ ಬಾಯಿ ಛಿದ್ರವಾದರೆ ಅಳುವವನೂ ಬಡ ರೈತನೇ.

ನಮ್ಮ ತಕರಾರು ಕೊಳ್ಳುವವನದು. ಕಾಯ್ದೆಯ 49ನೇ ಕಲಮು ಓದಿ: ಅಧಿಕಾರವಿಲ್ಲದವನ ಕೈಯಿಂದ ಕಾಡುಪ್ರಾಣಿಯನ್ನಾಗಲಿ ಅದರ ಮಾಂಸವನ್ನಾಗಲಿ ಕೊಳ್ಳುವುದೂ ಅಪರಾಧ. ಹಿಡಿದವನ ಗುಡಿಸಲಿಗೆ ನುಗ್ಗುವ ಜೀಪು ಕೊಂಡವನ ತೋಟದ ಮನೆ ಗೇಟಿಗೆ ಯಾಕೆ ಹೋಗುವುದಿಲ್ಲ? ಮೊಲದ ಆಸೆ ಇದ್ದವರಿಗೆ ಫಾರಮ್ಮಿನಲ್ಲಿ ಸಾಕಿದ ಮೊಲ ಇದೆ. ಅದು ಬೇರೆಯೇ ಜಾತಿಯ ಪ್ರಾಣಿ, ಈ ಕಾಯ್ದೆಯ ಪಟ್ಟಿಗೆ ಸೇರಿದ್ದಲ್ಲ. ಆದರೆ 'ಅದು ಬ್ಯಾಡ ಕಣಯ್ಯ, ಕಾಡಿಂದೇ ತಾ' ಅಂತಾರೆ. ಮುಂಗಡ ಕೊಡ್ತಾರೆ. ಸಿಕ್ಕಿಬಿದ್ದ ದಿನ ಫೋನು ಎತ್ತಲ್ಲ. ಮಗನ ಜಾಮೀನಿಗೆ ಅಂತ ಇರುಳಿಗರ ತಾಯಿ ಆಡು ಮಾರುತ್ತಾಳೆ.

2006ರ ಅರಣ್ಯ ಹಕ್ಕು ಕಾಯ್ದೆ ಜೇನು, ಗೆಡ್ಡೆ, ಬಿದಿರಿನಂಥ ಕಿರು ಉತ್ಪನ್ನದ ಹಕ್ಕು ಕೊಟ್ಟಿತು. ಸಾಂಪ್ರದಾಯಿಕ ಹಕ್ಕುಗಳನ್ನೂ ಒಪ್ಪಿತು, ಬೇಟೆಯೊಂದನ್ನು ಮಾತ್ರ ಬಿಡಿಸಿ ಹೊರಗಿಟ್ಟಿತು. ಸರಿ, ಹಾಗೇ ಇರಲಿ. ಬೇಟೆ ಬಿಟ್ಟವನಿಗೆ ಉಳುವ ನೆಲ ಕೊಡಬೇಕಲ್ಲ? ಅದೇ ಕಾಯ್ದೆಯ ಹಕ್ಕುಪತ್ರಕ್ಕಾಗಿ ಇರುಳಿಗರು ಧರಣಿ ಕೂರಬೇಕಾಗಿ ಬಂದದ್ದನ್ನು ಈ ಸೀಮೆ ಕಂಡಿದೆ. ಬಲೆ ಬಿಟ್ಟ ಹಕ್ಕಿಪಿಕ್ಕಿಗಳಲ್ಲಿ ಎಷ್ಟೋ ಜನ ಗಿಡಮೂಲಿಕೆ ಎಣ್ಣೆ ಹೊತ್ತು ಆಫ್ರಿಕಾದವರೆಗೆ ಹೋದರು. 2023ರ ಏಪ್ರಿಲ್‌ನಲ್ಲಿ ಸುಡಾನಿನ ಗುಂಡಿನ ನಡುವೆ ಸಿಕ್ಕಿಕೊಂಡ ಕನ್ನಡಿಗರು ಅಂತ ಪತ್ರಿಕೆಯಲ್ಲಿ ಓದಿದೆವಲ್ಲ, ಅವರು ಇವರೇ.