ಹಿತ್ತಿಲ ಟೊಮೇಟೊ: ತಳಿಗಳ ಚರಿತ್ರೆಯೂ ಆಯ್ಕೆಯೂ



ಮನೆಯ ಹಿತ್ತಿಲಿನಲ್ಲಿ ಹತ್ತು ಟೊಮೇಟೊ ಗಿಡಗಳನ್ನು ಬೆಳೆಸಬೇಕೆಂದು ಸಂಕಲ್ಪಿಸುವ ಗೃಹಸ್ಥರಿಗೆ ಮೊದಲು ಎದುರಾಗುವ ಪ್ರಶ್ನೆ ಬೀಜದ್ದು. ಅಂಗಡಿಯಲ್ಲಿ ಹೆಸರುಗಳು ಅನೇಕವಾಗಿರುವುವು. ಪ್ರತಿಯೊಂದು ಪೊಟ್ಟಣದ ಮೇಲಿನ ಚಿತ್ರವೂ ಸುಂದರವಾಗಿರುವುದು. ಇವುಗಳಲ್ಲಿ ಯಾವುದನ್ನು ಆರಿಸಬೇಕು? ಈ ಪ್ರಶ್ನೆಗೆ ಉತ್ತರವನ್ನು ಚರಿತ್ರೆಯಲ್ಲಿ ಅರಸುವುದು ವಿಚಿತ್ರವೆಂದು ತೋರಬಹುದು. ಆದರೆ ಒಂದೊಂದು ತಳಿಯೂ ಯಾರೋ ಒಬ್ಬರು ಯಾವುದೋ ಒಂದು ಪ್ರಯೋಜನಕ್ಕಾಗಿ ಆರಿಸಿದ ಫಲ. ಅವರಿಗೆ ಬೇಕಾಗಿದ್ದುದೇನೆಂಬುದನ್ನು ತಿಳಿದರೆ, ಅದು ನಮಗೂ ಬೇಕೇ ಬೇಡವೇ ಎಂಬುದು ತಾನಾಗಿಯೇ ತಿಳಿಯುವುದು.

ಟೊಮೇಟೊ ಸಸ್ಯದ ಮೂಲಸ್ಥಾನ ದಕ್ಷಿಣ ಅಮೆರಿಕದ ಪಶ್ಚಿಮ ಭಾಗ. ಪೆರು ಮತ್ತು ಎಕ್ವಡಾರ್ ದೇಶಗಳಲ್ಲಿ ಅದರ ಕಾಡು ಬಂಧುವು ಇಂದಿಗೂ ಬೆಳೆಯುತ್ತದೆ. ಅದರ ಹಣ್ಣು ಕಡಲೆಕಾಳಿಗಿಂತ ಹೆಚ್ಚು ದೊಡ್ಡದಲ್ಲ. ಅದನ್ನು ಪೂರ್ಣವಾಗಿ ತೋಟದ ಬೆಳೆಯಾಗಿ ಪಳಗಿಸಿ, ಮುಷ್ಟಿಗಾತ್ರದ ಹಣ್ಣುಗಳನ್ನು ಬೆಳೆದವರು ಮೆಕ್ಸಿಕೋದ ಪ್ರಾಚೀನ ಜನರು. ಟೊಮೇಟೊ ಎಂಬ ಹೆಸರೇ ಅವರ ನಾವಾತಲ್ ಭಾಷೆಯ ‘ತೊಮಾತ್ಲ್’ ಎಂಬ ಶಬ್ದದಿಂದ ಬಂದುದು. 1521ರಲ್ಲಿ ಸ್ಪೇನಿನವರು ಆ ರಾಜ್ಯವನ್ನು ಗೆದ್ದ ಮೇಲೆ ಬೀಜವು ಸಮುದ್ರವನ್ನು ದಾಟಿತು. 1544ರಲ್ಲಿ ಇಟಲಿಯ ವೈದ್ಯನಾದ ಮತ್ತಿಯೋಲಿಯು ಇದನ್ನು ವರ್ಣಿಸುವಾಗ, ಬದನೆಯ ಹೊಸದೊಂದು ಜಾತಿಯೆಂದು ಭಾವಿಸಿದನು. ನಮ್ಮ ಹಿರಿಯರೂ ಇದನ್ನು ‘ಚಪ್ಪರಬದನೆ’ ಎಂದು ಕರೆದರು. ಬಂಗಾಳದವರು ‘ವಿಲಾಯತಿ ಬೇಗುನ್’ ಎಂದರು. ಹೆಸರಿಟ್ಟವರ ಊಹೆ ತಪ್ಪಲಿಲ್ಲ. ಬದನೆ, ಆಲೂಗೆಡ್ಡೆ, ಟೊಮೇಟೊ ಮೂರೂ ಸೊಲಾನಮ್ ಎಂಬ ಒಂದೇ ಪಂಗಡಕ್ಕೆ ಸೇರಿದುವು. ಅದೇ ಕುಲದಲ್ಲಿ ವಿಷದ ಗಿಡಗಳೂ ಇದ್ದ ಕಾರಣದಿಂದ, ಉತ್ತರ ಯುರೋಪಿನಲ್ಲಿ ಬಹುಕಾಲ ಇದನ್ನು ಅಲಂಕಾರಕ್ಕಾಗಿ ಮಾತ್ರ ಬೆಳೆಸಿದವರು ಹಲವರು. ಭಾರತದಲ್ಲಿಯೂ ಇದು ನಿಧಾನವಾಗಿಯೇ ಅಡಿಗೆಮನೆಯನ್ನು ಪ್ರವೇಶಿಸಿತು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಜಾರ್ಜ್ ವಾಟ್ ಎಂಬ ವಿದ್ವಾಂಸನು, ಇದು ಮುಖ್ಯವಾಗಿ ಐರೋಪ್ಯರಿಗಾಗಿ ಬೆಳೆಯುವ ಪದಾರ್ಥವೆಂದೂ, ಈ ದೇಶದ ಜನರು ಇದರ ರುಚಿಯನ್ನು ಆಗತಾನೆ ಅರಿಯತೊಡಗಿರುವರೆಂದೂ ಬರೆದನು. ಇಂದು ಇದಿಲ್ಲದ ಸಾರು ಅಪರೂಪವೆಂಬುದನ್ನು ನೆನೆದರೆ, ಒಂದು ಶತಮಾನದಲ್ಲಿ ನಾಲಗೆಯು ಎಷ್ಟು ಬದಲಾಗಬಲ್ಲುದೆಂದು ಆಶ್ಚರ್ಯವಾಗುವುದು.

ತಳಿಯ ಆಯ್ಕೆಯಲ್ಲಿ ನಮಗೆ ನಿಜವಾದ ಪಾಠವನ್ನು ಕಲಿಸುವವನು ಅಮೆರಿಕದ ಒಹಾಯೋ ಪ್ರಾಂತದ ಅಲೆಗ್ಸಾಂಡರ್ ಲಿವಿಂಗ್‌ಸ್ಟನ್. ಅವನ ಕಾಲದ ದೊಡ್ಡ ಹಣ್ಣುಗಳು ಏಣುಏಣಾಗಿ, ಸೊಟ್ಟಸೊಟ್ಟಾಗಿ, ಒಳಗೆ ಟೊಳ್ಳಾಗಿ ಇರುತ್ತಿದ್ದುವು. ನುಣುಪಾದ ದುಂಡು ಹಣ್ಣನ್ನು ಪಡೆಯಬೇಕೆಂದು ಅವನು ವರ್ಷವರ್ಷವೂ ಹೊಲದಲ್ಲಿನ ಅತ್ಯುತ್ತಮವಾದ ಹಣ್ಣುಗಳನ್ನು ಹುಡುಕಿ ಬೀಜ ಹಿಡಿದನು. ಫಲವೇನೂ ದೊರೆಯಲಿಲ್ಲ, ಮರುವರ್ಷ ಅದೇ ಏಣಿನ ಹಣ್ಣುಗಳೇ ಬಂದುವು. ಕೊನೆಗೆ ಅವನು ಕ್ರಮವನ್ನು ಬದಲಾಯಿಸಿ, ಹಣ್ಣನ್ನು ನೋಡುವುದನ್ನು ಬಿಟ್ಟು ಇಡೀ ಗಿಡವನ್ನು ನೋಡಿದನು. ಹೊಲದಲ್ಲಿ ಒಂದು ಗಿಡದ ಹಣ್ಣುಗಳೆಲ್ಲವೂ ಚಿಕ್ಕವಾದರೂ ಒಂದೇ ಸಮನಾಗಿ ನುಣುಪಾಗಿದ್ದುವು. ಅದರ ಬೀಜವನ್ನು ಬೇರೆಯಾಗಿ ಬಿತ್ತಿ, ಗಾತ್ರವನ್ನು ಕ್ರಮಕ್ರಮವಾಗಿ ಹೆಚ್ಚಿಸಿ, 1870ರಲ್ಲಿ ‘ಪ್ಯಾರಗನ್’ ಎಂಬ ತಳಿಯನ್ನು ಲೋಕಕ್ಕೆ ಕೊಟ್ಟನು. ಒಳ್ಳೆಯ ಹಣ್ಣೊಂದು ಸಾಮಾನ್ಯ ಗಿಡದಲ್ಲಿಯೂ ಆಕಸ್ಮಿಕವಾಗಿ ಬರಬಹುದು. ಗಿಡದ ಹಣ್ಣುಗಳೆಲ್ಲ ಒಳ್ಳೆಯವಾದರೆ ಅದು ವಂಶದ ಗುಣವಾಗಿರುವ ಸಂಭವ ಹೆಚ್ಚು. ಹಿತ್ತಿಲಿನಲ್ಲಿ ಬೀಜ ಹಿಡಿಯುವವರೆಲ್ಲರೂ ನೆನಪಿನಲ್ಲಿಡಬೇಕಾದ ಸೂತ್ರವಿದು.

ಇಪ್ಪತ್ತನೆಯ ಶತಮಾನದಲ್ಲಿ ಆಯ್ಕೆಯ ಹೊಣೆಯು ತೋಟಗಾರನಿಂದ ವಿಜ್ಞಾನಿಗೆ ದಾಟಿತು. ಸೊರಗು ರೋಗವನ್ನು ಬಹುಮಟ್ಟಿಗೆ ತಾಳಬಲ್ಲ ‘ಮಾರ್ಗ್ಲೋಬ್’ 1925ರಲ್ಲಿಯೂ, ‘ರಟ್ಗರ್ಸ್’ 1934ರಲ್ಲಿಯೂ ಹೊರಬಂದುವು. 1940ರ ಸುಮಾರಿಗೆ ಅದೇ ರೋಗಕ್ಕೆ ಪೂರ್ಣನಿರೋಧಕ ಗುಣವು ಪೆರುವಿನ ಕಾಡು ಟೊಮೇಟೊದಲ್ಲಿಯೇ ದೊರೆಯಿತು; ನಾಡಿನ ಗಿಡಕ್ಕೆ ಕಾಡಿನ ಬಂಧುವು ಸಹಾಯಕ್ಕೆ ಬಂದಿತು. 1914ರಲ್ಲಿ ಫ್ಲಾರಿಡಾದಲ್ಲಿ ಗಿಡ್ಡಗೆ ಬೆಳೆದು ತಾನೇ ನಿಲ್ಲುವ ಒಂದು ಗಿಡವು ಕಾಣಿಸಿಕೊಂಡಿತು. ಅದರ ಗುಣವನ್ನು ಪಡೆದ ತಳಿಗಳಲ್ಲಿ ಹಣ್ಣುಗಳು ಹೆಚ್ಚುಕಡಮೆ ಒಟ್ಟಿಗೇ ಮಾಗುವುವು. ಯಂತ್ರದಿಂದ ಕೊಯ್ಲು ಮಾಡುವವರಿಗೆ ಇದು ವರವಾಯಿತು. ಇನ್ನೊಂದು ಆಯ್ಕೆಯ ಕಥೆ ಅಷ್ಟು ಸುಖಕರವಲ್ಲ. ಕಾಯಿಯ ತೊಟ್ಟಿನ ಬಳಿ ಇರುವ ಕಡುಹಸುರು ಪಟ್ಟೆಯಿಲ್ಲದೆ ಒಂದೇ ಬಣ್ಣದಲ್ಲಿ ಮಾಗುವ ಹಣ್ಣನ್ನು ವ್ಯಾಪಾರಿಗಳು ಮೆಚ್ಚಿದರು. ತಳಿಕಾರರು ಅದನ್ನೇ ಆರಿಸುತ್ತ ಬಂದರು. ಆ ಹಸುರು ಕಾಯಿಯಲ್ಲಿ ಸಕ್ಕರೆಯನ್ನು ಕೂಡಿಸಲು ನೆರವಾಗುತ್ತಿದ್ದಿತೆಂದು 2012ರಲ್ಲಿ ಪ್ರಕಟವಾದ ಸಂಶೋಧನೆಯು ತೋರಿಸಿತು. ಕಣ್ಣಿಗೆ ಅಂದವನ್ನು ಗಳಿಸುವುದರಲ್ಲಿ ನಾಲಗೆಯು ಕಳೆದುಕೊಂಡುದನ್ನು ಅನೇಕ ದಶಕಗಳವರೆಗೆ ಯಾರೂ ಲೆಕ್ಕವಿಡಲಿಲ್ಲ.

ನಮ್ಮ ದೇಶದಲ್ಲಿಯೂ ಈ ಕಾರ್ಯ ಹಿಂದೆ ಬೀಳಲಿಲ್ಲ. ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯು ಅಮೆರಿಕದ ‘ಸೂ’ ತಳಿಯನ್ನು ‘ಮೀರಟಿ’ ತಳಿಯೊಡನೆ ಕೂಡಿಸಿ ‘ಪೂಸಾ ರೂಬಿ’ಯನ್ನು ಪಡೆಯಿತು. 1967ರಲ್ಲಿ ಸ್ಥಾಪಿತವಾಗಿ ಬೆಂಗಳೂರಿನ ಹೆಸರಘಟ್ಟದಲ್ಲಿ ನೆಲೆಸಿದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯು ‘ಅರ್ಕ ವಿಕಾಸ್’ ತಳಿಯನ್ನೂ, ದುಂಡಾಣು ಸೊರಗುರೋಗವನ್ನು ತಾಳುವ ‘ಅರ್ಕ ಆಭಾ’, ‘ಅರ್ಕ ಆಲೋಕ್’ ತಳಿಗಳನ್ನೂ ಕೊಟ್ಟಿತು. ಅದೇ ಸಂಸ್ಥೆಯ ‘ಅರ್ಕ ರಕ್ಷಕ್’ ಎಂಬ ಸಂಕರ ತಳಿಯು ಎಲೆಮುಟುರು, ದುಂಡಾಣು ಸೊರಗು, ಅಂಗಮಾರಿ ಎಂಬ ಮೂರು ರೋಗಗಳನ್ನು ಎದುರಿಸಬಲ್ಲುದು.

ಇನ್ನು ಗೃಹಸ್ಥರು ಏನನ್ನು ಆರಿಸಬೇಕು? ವ್ಯವಸಾಯಗಾರನು ಹಣ್ಣನ್ನು ಗಾಡಿಯಲ್ಲಿ ಹೇರಿ ದೂರದ ಪೇಟೆಗೆ ಕಳುಹಬೇಕು; ಅವನಿಗೆ ದಪ್ಪ ಸಿಪ್ಪೆ, ಗಟ್ಟಿ ತಿರುಳು, ಏಕಕಾಲದ ಕೊಯ್ಲು ಅವಶ್ಯಕ. ಹಿತ್ತಿಲಿನಿಂದ ಅಡಿಗೆಮನೆಗೆ ಇಪ್ಪತ್ತು ಹೆಜ್ಜೆ. ಆದಕಾರಣ ಸಿಪ್ಪೆ ತೆಳುವಾದರೂ ರಸ ಹೆಚ್ಚಾದ, ಹುಳಿ ಸಿಹಿ ಎರಡೂ ಇರುವ ತಳಿಯನ್ನು ನಾವು ನಿರ್ಭಯವಾಗಿ ಆರಿಸಬಹುದು. ಸ್ಥಳವಿದ್ದು, ಊರುಗೋಲು ಕೊಡಲು ತಾಳ್ಮೆಯಿದ್ದರೆ ಬಳ್ಳಿಯಂತೆ ಬೆಳೆಯುತ್ತಲೇ ಇರುವ ತಳಿಯು ಲೇಸು. ಅದು ದೀರ್ಘಕಾಲ ದಿನಕ್ಕೆ ನಾಲ್ಕಾರು ಹಣ್ಣುಗಳನ್ನು ಕೊಡುವುದು. ಮಹಡಿಯ ಕುಂಡಕ್ಕೆ ಗಿಡ್ಡ ತಳಿಯೇ ತಕ್ಕುದು. ರಾತ್ರಿಯ ಸೆಕೆ ಹೆಚ್ಚಾದರೆ ಹೂಗಳು ಕಾಯಿಕಟ್ಟದೆ ಉದುರುವುದರಿಂದ, ಬಯಲುಸೀಮೆಯವರು ಚಳಿಗಾಲದ ಬೆಳೆಯನ್ನೇ ನೆಚ್ಚುವುದು ಮೇಲು. ಹಿಂದಿನ ಬೆಳೆಯಲ್ಲಿ ಗಿಡಗಳು ಹಸುರಾಗಿರುವಾಗಲೇ ಬಾಡಿದ್ದರೆ, ಕಾಂಡವನ್ನು ಕತ್ತರಿಸಿ ತಿಳಿನೀರಿನಲ್ಲಿ ಅದ್ದಿ ನೋಡಬೇಕು. ಹಾಲಿನಂತಹ ಎಳೆಯು ಇಳಿದರೆ ಅದು ದುಂಡಾಣುವಿನ ಗುರುತು. ಅಂತಹ ಮಣ್ಣಿನಲ್ಲಿ ರುಚಿಯ ವಿಚಾರವನ್ನು ಎರಡನೆಯದಾಗಿಟ್ಟು ನಿರೋಧಕ ತಳಿಯನ್ನೇ ನೆಡಬೇಕು.

ಕೊನೆಯದಾಗಿ ಬೀಜದ ಮಾತು. ಸಂಕರ ತಳಿಯು ಬಲಿಷ್ಠವಾದುದು ನಿಜ. ಆದರೆ ಅದರ ಬೀಜದಿಂದ ಹುಟ್ಟಿದ ಗಿಡಗಳು ತಾಯಿಯನ್ನು ಹೋಲುವುದಿಲ್ಲ. ಪ್ರತಿವರ್ಷವೂ ಅಂಗಡಿಗೇ ಹೋಗಬೇಕು. ಶುದ್ಧ ತಳಿಯಲ್ಲಾದರೋ, ಟೊಮೇಟೊ ಹೂವು ಬಹುಪಾಲು ಸ್ವಪರಾಗದಿಂದಲೇ ಫಲಿಸುವ ಕಾರಣ ಗುಣವು ಬಹುಮಟ್ಟಿಗೆ ಉಳಿಯುವುದು. ಲಿವಿಂಗ್‌ಸ್ಟನ್ ಮಾಡಿದಂತೆ ಉತ್ತಮವಾದ ಗಿಡವನ್ನು ಗುರುತಿಸಿ, ಚೆನ್ನಾಗಿ ಮಾಗಿದ ಹಣ್ಣಿನ ತಿರುಳನ್ನು ಎರಡು ದಿನ ಹುಳಿಯಬಿಟ್ಟು, ತೊಳೆದು ನೆರಳಿನಲ್ಲಿ ಒಣಗಿಸಿ ಇಟ್ಟರೆ, ಬೀಜವು ಕೆಲವು ವರ್ಷ ಕೆಡದು. ಎರಡು ಗಿಡ ಸಂಕರ, ಎಂಟು ಗಿಡ ಶುದ್ಧ ತಳಿ ಎಂದು ಹಂಚಿಕೊಂಡರೆ ಕೊಯ್ಲಿನ ಭರವಸೆಯೂ ಇರುವುದು, ಬೀಜದ ಸ್ವಾತಂತ್ರ್ಯವೂ ಉಳಿಯುವುದು. ಮೆಕ್ಸಿಕೋದ ಹೆಸರರಿಯದ ರೈತನಿಂದ ಹೆಸರಘಟ್ಟದ ವಿಜ್ಞಾನಿಯವರೆಗೆ ನಡೆದು ಬಂದ ಆಯ್ಕೆಯ ಪರಂಪರೆಗೆ, ಹೀಗೆ ಒಂದು ಚಿಟಿಕೆ ಬೀಜವನ್ನು ಕಟ್ಟಿಡುವ ಗೃಹಿಣಿಯೂ ವಾರಸುದಾರಳೇ ಸರಿ.