ಉಳಿ, ಲೇಖನಿ ಮತ್ತು ತಾಯ್ನುಡಿ: ನಮ್ಮ ಪ್ರೌಢಶಾಲೆಗಳಲ್ಲಿ ಕಸುಬು ಹಾಗೂ ಭಾಷಾ ಶಿಕ್ಷಣ

ದಕ್ಷಿಣ ಕನ್ನಡದ ಕಥೋಲಿಕ ಸಮಾಜದ ಚರಿತ್ರೆಯನ್ನು ಬರೆಯಹೊರಟವರು ಇಗರ್ಜಿಯೊಡನೆ ಶಾಲೆಯನ್ನೂ ಸ್ಮರಿಸಲೇಬೇಕು. ಆದರೆ ಆ ಶಾಲೆಗಳು ಏನನ್ನು ಕಲಿಸಿದವು, ಏನನ್ನು ಬಿಟ್ಟವು ಎಂಬ ಪ್ರಶ್ನೆಯನ್ನು ನಾವು ಕೇಳಿಕೊಳ್ಳುವುದು ವಿರಳ. ಶತಮಾನೋತ್ಸವದ ಈ ಶುಭಸಂದರ್ಭವು ಅದಕ್ಕೆ ತಕ್ಕುದಾಗಿದೆ.

ಯೇಸುಸಭೆಯ ಇಟಾಲಿಯನ್ ಗುರುಗಳು 1878ರ ಡಿಸೆಂಬರ್ 31ರಂದು ಮಂಗಳೂರನ್ನು ತಲುಪಿದರು. 1880ರ ಜನವರಿಯಲ್ಲಿ ಸಂತ ಎಲೋಶಿಯಸ್ ಕಾಲೇಜು ಆರಂಭವಾಯಿತು. ಮದರಾಸು ಅಧಿಪತ್ಯಕ್ಕೆ ಸೇರಿದ್ದ ಈ ಜಿಲ್ಲೆಯಲ್ಲಿ ಸರಕಾರಿ ಉದ್ಯೋಗದ ಬಾಗಿಲು ತೆರೆಯುತ್ತಿದ್ದುದು ಇಂಗ್ಲಿಷ್ ವಿದ್ಯೆಗೆ. ಇತ್ತ ಜೆಪ್ಪುವಿನ ಸಂತ ಜೋಸೆಫರ ಅನಾಥಾಲಯದ ಕಾರ್ಯಾಗಾರದಲ್ಲಿ ದಿಕ್ಕಿಲ್ಲದ ಬಾಲಕರು ಮರಗೆಲಸವನ್ನೂ ವಿಗ್ರಹ ರಚನೆಯನ್ನೂ ಕಲಿತರು. ಎರಡೂ ಸೇವೆಗಳ ಉದ್ದೇಶ ಉದಾತ್ತವಾದುದೇ. ಆದರೂ ಲೇಖನಿ ಅನುಕೂಲಸ್ಥರ ಮಕ್ಕಳಿಗೆ, ಉಳಿ ಅನಾಥರಿಗೆ ಎಂಬ ಭಾವನೆ ಸಮಾಜದಲ್ಲಿ ಬೇರೂರಿತೆಂಬುದನ್ನು ಮರೆಮಾಚಲಾಗದು.

ಭಾಷೆಯ ಕಥೆಯೂ ಹೀಗೆಯೇ. ಯೇಸುಸಭೆಯ ವಂದನೀಯ ಮಾಫೆಯಿ ಅವರ ಕೊಂಕಣಿ ವ್ಯಾಕರಣವು 1882ರಲ್ಲೂ ನಿಘಂಟು 1883ರಲ್ಲೂ ಪ್ರಕಟವಾದವು. ವ್ಯಾಕರಣವು ಅಚ್ಚಾದುದು 1841ರಲ್ಲಿ ಸ್ಥಾಪಿತವಾಗಿದ್ದ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ. ಕಥೋಲಿಕ ಗುರುವಿನ ಗ್ರಂಥಕ್ಕೆ ಪ್ರೊಟೆಸ್ಟಂಟ್ ಮುದ್ರಣಾಲಯದ ಕುಶಲಕರ್ಮಿಗಳು ಅಚ್ಚುಮೊಳೆ ಜೋಡಿಸಿದರು! ನುಡಿಯ ಉಳಿವಿಗೆ ಪಂಡಿತನ ಪಾಂಡಿತ್ಯದಷ್ಟೇ ಕೆಲಸಗಾರನ ಕೈಚಳಕವೂ ಬೇಕೆಂಬುದಕ್ಕೆ ಇದಕ್ಕಿಂತ ಉತ್ತಮ ನಿದರ್ಶನವುಂಟೆ? ಆದರೆ ಮನೆಯಲ್ಲಿ ಆಡುವ ಕೊಂಕಣಿಯು ಕರ್ನಾಟಕದ ಶಾಲೆಗಳಲ್ಲಿ ಐಚ್ಛಿಕ ತೃತೀಯ ಭಾಷೆಯ ಸ್ಥಾನ ಪಡೆಯಲು 2007ರವರೆಗೆ ಕಾಯಬೇಕಾಯಿತು.

ಕಸುಬನ್ನು ಪ್ರೌಢಶಾಲೆಯೊಳಕ್ಕೆ ತರಬೇಕೆಂಬ ಸಲಹೆಗಳಿಗೇನೂ ಕೊರತೆಯಿರಲಿಲ್ಲ. 1882ರಲ್ಲಿ ನೇಮಕಗೊಂಡ ಹಂಟರ್ ಆಯೋಗವು ಮೇಲ್ತರಗತಿಗಳಲ್ಲಿ ವಿಶ್ವವಿದ್ಯಾನಿಲಯದ ಕಡೆಗೊಂದು, ವ್ಯಾಪಾರ ಮೊದಲಾದ ವ್ಯಾವಹಾರಿಕ ವೃತ್ತಿಗಳ ಕಡೆಗೊಂದು, ಹೀಗೆ ಎರಡು ಹಾದಿಗಳನ್ನು ಸೂಚಿಸಿತು. ಎರಡನೆಯದನ್ನು ಹಿಡಿದವರು ಅತ್ಯಲ್ಪ. 1952-53ರ ಮುದಲಿಯಾರ್ ಆಯೋಗವು ತಾಂತ್ರಿಕ, ವಾಣಿಜ್ಯ, ಕೃಷಿ, ಲಲಿತಕಲೆ, ಗೃಹವಿಜ್ಞಾನಗಳೂ ಸೇರಿದಂತೆ ಏಳು ವಿಭಾಗಗಳುಳ್ಳ ಬಹೂದ್ದೇಶ ಶಾಲೆಗಳನ್ನು ಕಲ್ಪಿಸಿತು. 1964-66ರ ಕೊಠಾರಿ ಆಯೋಗವು ಕಾರ್ಯಾನುಭವವನ್ನೂ, 1977ರಲ್ಲಿ ಈಶ್ವರಭಾಯಿ ಪಟೇಲ್ ಸಮಿತಿಯು ಸಮಾಜೋಪಯೋಗಿ ಉತ್ಪಾದಕ ಕಾರ್ಯವನ್ನೂ ಎತ್ತಿಹಿಡಿದವು. ಹೊಲಿಗೆ, ತೋಟಗಾರಿಕೆಗಳು ವೇಳಾಪಟ್ಟಿಯಲ್ಲಿ ಕಾಣಿಸಿಕೊಂಡವು. ಆದರೆ ಸಾರ್ವಜನಿಕ ಪರೀಕ್ಷೆಯ ಅಂಕಗಳನ್ನೇ ನೆಚ್ಚಿದ ಪೋಷಕರ ಮನಸ್ಸಿನಲ್ಲಿ ಅವು ಸ್ಥಾನ ಪಡೆಯಲಿಲ್ಲ.

ಈಚಿನ ವರ್ಷಗಳಲ್ಲಿ ಕಸುಬು ಪರೀಕ್ಷೆಯೊಳಕ್ಕೇ ಬಂದಿತು. ರಾಜ್ಯದ ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ಆಟೋಮೊಬೈಲ್, ಮಾಹಿತಿ ತಂತ್ರಜ್ಞಾನ ಮುಂತಾದ ವೃತ್ತಿಪರ ವಿಷಯಗಳನ್ನು ಆಯ್ದ ಶಾಲೆಗಳಲ್ಲಿ ಅಳವಡಿಸಿದರು. ಸಂತೋಷದ ಸಂಗತಿಯೇ ಸರಿ. ಆದರೆ ಅವಕ್ಕೆ ದೊರೆತ ಸ್ಥಾನ ತೃತೀಯ ಭಾಷೆಯದು! ಕೊಂಕಣಿ, ತುಳು, ಹಿಂದಿ, ಸಂಸ್ಕೃತಗಳು ನಿಲ್ಲುವ ಸಾಲಿನಲ್ಲೇ ಕಸುಬೂ ನಿಂತಿತು. ಕೈಕೆಲಸವನ್ನು ಆರಿಸಿಕೊಂಡ ಬಾಲಕನು ಆ ನುಡಿಯನ್ನು ಕೈಬಿಡಬೇಕಾಯಿತು. ವಿದ್ಯಾರ್ಥಿಗಳ ಹೊರೆ ಹೆಚ್ಚಬಾರದೆಂಬ ವಾದದಲ್ಲಿ ಸತ್ಯವಿದೆ. ಆದರೂ ಉಳಿಗೂ ನುಡಿಗೂ ಸ್ಪರ್ಧೆಯನ್ನು ಹೂಡಿದರೆ ನಷ್ಟವಾಗುವುದು ಹೆಚ್ಚಾಗಿ ಬಡವರ ಮಕ್ಕಳಿಗೇ.

ಕಾನೂನು ಬದಲಾಗುವವರೆಗೆ ಕಾಯಬೇಕಿಲ್ಲ. ಭಾನುವಾರದ ಧರ್ಮೋಪದೇಶ ತರಗತಿಯೊಡನೆ ಕೊಂಕಣಿಯ ಓದುಬರಹವನ್ನು ಕಲಿಸುವುದು, ಊರಿನ ನುರಿತ ಬಡಗಿಯನ್ನೂ ವಿದ್ಯುತ್ ಕೆಲಸಗಾರನನ್ನೂ ಗುರುಗಳೆಂದು ಗೌರವಿಸಿ ಶಾಲೆಗೆ ಕರೆಯುವುದು ನಮ್ಮ ಕೈಯಲ್ಲೇ ಇವೆ. 1955ರಲ್ಲಿ ಜಗದ್ಗುರು ಹನ್ನೆರಡನೆಯ ಪಿಯುಸರು ಮೇ 1ನ್ನು ಶ್ರಮಿಕ ಸಂತ ಜೋಸೆಫರ ಹಬ್ಬವೆಂದು ಸಾರಿದರು. ಬಡಗಿಯನ್ನು ಪೀಠದ ಮೇಲಿರಿಸಿ ಪೂಜ್ಯಭಾವದಿಂದ ಕಾಣುವ ಸಮಾಜವು ತನ್ನ ಮಗನು ಉಳಿ ಹಿಡಿದರೆ ನಾಚದಿರಲಿ. ಉಳಿ ಹಿಡಿದ ಮಗನು ತಾಯ್ನುಡಿಯನ್ನು ಮರೆಯದಿರಲಿ. ಇಗರ್ಜಿಯ ಎರಡನೆಯ ಶತಮಾನಕ್ಕೆ ಇದಕ್ಕಿಂತ ಹಿರಿದಾದ ಸಂಕಲ್ಪ ಬೇರೆ ಬೇಕಿಲ್ಲ.